ಸ್ವಾಲ್‌ಬಾರ್ಡ್: ಮನುಷ್ಯ ಮುಟ್ಟದ ನೆಲವೆಂಬ ತಪ್ಪೆಣಿಕೆ

ನಾರ್ವೆಯ ಮುಖ್ಯಭೂಮಿಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಟ್ಟನಡುವೆ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹರಡಿಕೊಂಡಿರುವ ದ್ವೀಪಸಮೂಹ ಸ್ವಾಲ್‌ಬಾರ್ಡ್. ಅಲ್ಲಿಗೆ ಹೋಗಿಬಂದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಇದು ಮನುಷ್ಯ ಮುಟ್ಟದ ನೆಲ. ಪ್ರವಾಸ ಸಂಸ್ಥೆಗಳ ಜಾಹೀರಾತುಗಳೂ ಅದನ್ನೇ ಮಾರುತ್ತವೆ. ಹಾಗನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಸುಮಾರು 61 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗದಷ್ಟು ವಿಸ್ತಾರದಲ್ಲಿ ನೆಲೆಸಿರುವವರು ಮೂರು ಸಾವಿರಕ್ಕಿಂತ ಕಡಿಮೆ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಹಿಮನದಿಗಳ ಅಡಿಯಲ್ಲಿದೆ. ನಿಂತ ಮರ ಒಂದೂ ಇಲ್ಲ. ಊರಿಂದ ಊರಿಗೆ ರಸ್ತೆಯಿಲ್ಲ. ಇಲ್ಲಿ ಮೂಲನಿವಾಸಿಗಳು ಇದ್ದರು ಎಂಬುದಕ್ಕೂ ಕುರುಹು ಸಿಕ್ಕಿಲ್ಲ. ಆದರೂ ಈ ಮಾತು ತಪ್ಪು, ಮತ್ತು ಸಣ್ಣ ತಪ್ಪಲ್ಲ ಎಂಬುದು ನನ್ನ ವಾದ. ಸ್ವಾಲ್‌ಬಾರ್ಡಿನ ಭೂದೃಶ್ಯದಲ್ಲಿ ನಾಲ್ಕು ಶತಮಾನಗಳ ಮನುಷ್ಯ ವ್ಯವಹಾರ ಎಷ್ಟು ಆಳವಾಗಿ ಬೆರೆತಿದೆಯೆಂದರೆ, ಅದನ್ನು ಬಿಟ್ಟು ನೋಡಿದವರಿಗೆ ಅಲ್ಲಿನ ನಿಸರ್ಗವೂ ಅರ್ಥವಾಗುವುದಿಲ್ಲ.

ಮೊದಲಿಗೆ, ಅಷ್ಟು ಉತ್ತರಕ್ಕೆ ಪ್ರವಾಸಿ ತಲುಪುವುದಾದರೂ ಹೇಗೆ ಎಂದು ಕೇಳಿಕೊಳ್ಳಬೇಕು. ಅದೇ ಅಕ್ಷಾಂಶದಲ್ಲಿರುವ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಚಳಿಗಾಲದ ಸರಾಸರಿ ಉಷ್ಣತೆ ಸೊನ್ನೆಗಿಂತ 35 ಡಿಗ್ರಿಯಷ್ಟು ಕೆಳಗಿರುತ್ತದೆ. ಸ್ವಾಲ್‌ಬಾರ್ಡಿನ ದೊಡ್ಡ ಊರಾದ ಲಾಂಗ್‌ಯಿಯರ್‌ಬಿಯೆನ್‌ನಲ್ಲಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಮಾತ್ರ ಕೆಳಗೆ. ಕಾರಣ, ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರು ನಾರ್ವೆಯ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹರಿದು ಈ ದ್ವೀಪಗಳ ಪಶ್ಚಿಮ ದಡಕ್ಕೆ ಬರುತ್ತದೆ. ಪಶ್ಚಿಮ ಸ್ಪಿಟ್ಸ್‌ಬರ್ಗೆನ್ ಪ್ರವಾಹ ಎಂದು ಇದರ ಹೆಸರು. ಬೇಸಿಗೆಯಲ್ಲಿ ಹಡಗುಗಳು 79, 80 ಡಿಗ್ರಿಯವರೆಗೂ ಸಲೀಸಾಗಿ ಸಾಗುವುದು ಈ ನೀರಿನ ದಾಕ್ಷಿಣ್ಯದಿಂದ. ಇಂದು ಪ್ರವಾಸಿ ಹಡಗಿಗೆ ತೆರೆದಿರುವ ಈ ದಾರಿ 17ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗಾರರಿಗೂ, ಆಮೇಲೆ ವಾಲ್ರಸ್ ಬೇಟೆಗಾರರಿಗೂ, 1900ರ ನಂತರ ಗಣಿ ಕಂಪನಿಗಳಿಗೂ ತೆರೆದಿತ್ತು. ಸುಲಭವಾಗಿ ತಲುಪಬಹುದಾದ ಜಾಗ ಮುಟ್ಟದೆ ಉಳಿಯುವುದುಂಟೇ?

ಡಚ್ ನಾವಿಕ ವಿಲೆಮ್ ಬಾರೆಂಟ್ಸ್ ಈ ದ್ವೀಪಗಳನ್ನು ಕಂಡದ್ದು 1596ರ ಜೂನ್‌ನಲ್ಲಿ. ಮುಂದಿನ ಎರಡೇ ದಶಕಗಳಲ್ಲಿ ಇಂಗ್ಲಿಷರೂ ಡಚ್ಚರೂ ಬೋಹೆಡ್ ತಿಮಿಂಗಿಲಗಳ ಬೇಟೆಗಾಗಿ ಇಲ್ಲಿ ಕಾದಾಡುವ ಹಂತಕ್ಕೆ ಬಂದಿದ್ದರು. ಈ ತಿಮಿಂಗಿಲ ನಿಧಾನಗತಿಯದು, ಕೊಬ್ಬು ಹೆಚ್ಚು, ಸತ್ತರೆ ನೀರಿನ ಮೇಲೆ ತೇಲುತ್ತದೆ. ಈ ಮೂರೂ ಅದಕ್ಕೆ ಮುಳುವಾದವು. ವಾಯವ್ಯ ಮೂಲೆಯ ಆಮ್‌ಸ್ಟರ್‌ಡಾಂ ದ್ವೀಪದಲ್ಲಿ ಡಚ್ಚರು 1619ರಿಂದ ಸ್ಮೀರೆನ್‌ಬುರ್ಗ್ ಎಂಬ ನೆಲೆ ನಡೆಸಿದರು. ಅಲ್ಲಿ ಸಾವಿರಾರು ಜನ, ಅಂಗಡಿ, ಚರ್ಚು ಎಲ್ಲ ಇತ್ತೆಂದು ಹಿಂದಿನವರು ಬಣ್ಣಿಸಿದ್ದರು. ಉತ್ಖನನ ಮಾಡಿದವರು ಜನಸಂಖ್ಯೆಯನ್ನು ಇನ್ನೂರರ ಆಸುಪಾಸಿಗೆ ಇಳಿಸಿದ್ದಾರೆ. ಆದರೆ ಬೇಟೆಯ ಫಲವನ್ನು ಹಾಗೆ ಇಳಿಸಲು ಬರುವುದಿಲ್ಲ. ಕೊಲ್ಲಿಗಳಲ್ಲಿ ತಿಮಿಂಗಿಲ ಮುಗಿದ ಮೇಲೆ ಬೇಟೆ ಹೊರಗಡಲಿಗೆ ಸಾಗಿತು, ಅಲ್ಲೂ ಮುಗಿಯಿತು. ಹತ್ತಾರು ಸಾವಿರ ಇದ್ದ ಈ ಭಾಗದ ಬೋಹೆಡ್‌ಗಳು ಇಂದು ಕೆಲವು ನೂರು ಮಾತ್ರ. ಪ್ರವಾಸಿ ಡೆಕ್ಕಿನ ಮೇಲೆ ನಿಂತು ನಿಶ್ಚಲವಾದ ಫಿಯೋರ್ಡನ್ನು, ಹಿಮನದಿ ಕೊರೆದ ಆ ಕಿರಿದಾದ ಕೊಲ್ಲಿಯನ್ನು ನೋಡಿ ಎಂಥ ಪ್ರಶಾಂತಿ ಎನ್ನುತ್ತಾರಲ್ಲ, ಆ ಪ್ರಶಾಂತಿಯ ಒಂದು ಪಾಲು ಕೊಲೆಯಿಂದ ಬಂದದ್ದು. ತಿಮಿಂಗಿಲಗಳು ತಿನ್ನುತ್ತಿದ್ದ ಸೂಕ್ಷ್ಮ ಜೀವಿಗಳು ಅವು ಹೋದ ಮೇಲೆ ಸಣ್ಣ ಕಡಲಹಕ್ಕಿಗಳಿಗೂ ಮೀನುಗಳಿಗೂ ದಕ್ಕಿದವು, ಹಕ್ಕಿಗಳ ಹಿಂಡು ಈಗಿನಷ್ಟು ದೊಡ್ಡದಾಗಿರುವುದಕ್ಕೆ ಅದೂ ಕಾರಣ ಎಂದು ವಾದಿಸುವ ಪರಿಸರ ವಿಜ್ಞಾನಿಗಳಿದ್ದಾರೆ. ಅವರ ಮಾತು ನಿಜವಾದರೆ, ಬಂಡೆಗೋಡೆಗಳಲ್ಲಿ ಕಿಕ್ಕಿರಿದ ಹಕ್ಕಿಗಳ ಗದ್ದಲವನ್ನೂ 17ನೇ ಶತಮಾನದ ಎಣ್ಣೆ ವ್ಯಾಪಾರದಿಂದ ಬೇರ್ಪಡಿಸಿ ಕೇಳಲಾಗದು.

ಇಲ್ಲಿಯ ನೆಲವನ್ನು ಓದುವುದು ಸುಲಭವಲ್ಲ ಎಂದು ಒಪ್ಪಲೇಬೇಕು. ಗಾಳಿ ಒಣದು, ಶುಭ್ರ. ಎತ್ತರ ಅಳೆಯಲು ಕಣ್ಣಿಗೆ ಒಂದು ಮರ, ಒಂದು ಕಂಬ ಸಿಗುವುದಿಲ್ಲ. ಹಾಗಾಗಿ ಇಪ್ಪತ್ತು ಕಿಲೋಮೀಟರ್ ದೂರದ ಬೆಟ್ಟ ನಾಲ್ಕು ಕಿಲೋಮೀಟರಿನಲ್ಲಿ ಇರುವಂತೆ ಕಾಣುತ್ತದೆ. ದೂರ ಮಾತ್ರವಲ್ಲ, ಯಾವುದು ನಿಸರ್ಗದ ಕೆಲಸ, ಯಾವುದು ಮನುಷ್ಯನ ಕೆಲಸ ಎಂಬುದೂ ಅದಲುಬದಲಾಗುತ್ತದೆ. ನ್ಯೂ-ಓಲೆಸುಂಡ್ ಊರಿನ ವಾಯವ್ಯಕ್ಕಿರುವ ಕ್ವಾಡೆಹುಕ್ ಬಯಲಿನಲ್ಲಿ ಕಲ್ಲಿನ ವೃತ್ತಗಳಿವೆ. ನಡುವೆ ನುಣ್ಣನೆಯ ಮಣ್ಣು, ಸುತ್ತ ಆರಿಸಿ ಜೋಡಿಸಿದಂತಿರುವ ಕಲ್ಲಿನ ದಿಂಡು, ಒಂದರ ಪಕ್ಕ ಒಂದು ನೂರಾರು. ಯಾರೋ ಪೂಜೆಗೆಂದು ಕಟ್ಟಿದ್ದಾರೆ ಎನ್ನಿಸಬೇಕು, ಹಾಗಿವೆ. ಅವನ್ನು ಯಾರೂ ಕಟ್ಟಿಲ್ಲ. ಇಲ್ಲಿ ನೆಲ ನೂರಾರು ಮೀಟರ್ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದು ಮೀಟರಿನಷ್ಟು ಪದರ ಮಾತ್ರ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟುವಾಗ ನೀರು ಹಿಗ್ಗಿ ಮಣ್ಣನ್ನು ಎತ್ತುತ್ತದೆ, ಕರಗುವಾಗ ಮಣ್ಣು ಕುಸಿಯುತ್ತದೆ. ಈ ಏರಿಳಿತಗಳಲ್ಲಿ ಕಲ್ಲುಗಳು ಅಂಚಿಗೆ ಸರಿಯುತ್ತವೆ, ನಯವಾದ ಮಣ್ಣು ನಡುವೆ ಉಳಿಯುತ್ತದೆ. ಶತಮಾನಗಟ್ಟಲೆ ಇದೇ ನಡೆದು ವೃತ್ತ ಮೂಡುತ್ತದೆ. ಅತ್ತ ಸ್ಮೀರೆನ್‌ಬುರ್ಗ್ ದಂಡೆಯಲ್ಲಿ ಇರುವುದೂ ವೃತ್ತಗಳೇ. ಮಣ್ಣಿನ ಬಣ್ಣದ, ಕಲ್ಲಿನಂತೆ ಗಟ್ಟಿಯಾದ ಆ ತಗ್ಗು ದಿಂಡುಗಳನ್ನು ಗೊತ್ತಿಲ್ಲದವರು ಕಡಲ ತೆರೆ ಬಿಟ್ಟುಹೋದ ಉಸುಕು ಎಂದು ದಾಟಿಬಿಡಬಹುದು. ಅವು ತಿಮಿಂಗಿಲದ ಕೊಬ್ಬು ಕರಗಿಸಿ ಎಣ್ಣೆ ತೆಗೆದ ಒಲೆಗಳ ಸುತ್ತ ಚೆಲ್ಲಿದ ಎಣ್ಣೆ, ಮರಳು, ಜಲ್ಲಿ ಬೆರೆತು ಹೆಪ್ಪಾದ ಉಳಿಕೆ.

ದಡದ ಮರದ ದಿಮ್ಮಿಗಳದೂ ಇಂಥದೇ ಕತೆ. ಮರವಿಲ್ಲದ ದ್ವೀಪದ ತೀರದಲ್ಲಿ ರಾಶಿರಾಶಿ ದಿಮ್ಮಿಗಳು ಬಿದ್ದಿರುತ್ತವೆ. ಅವು ಸೈಬೀರಿಯಾದ ನದಿಗಳಿಂದ ಸಾಗರಕ್ಕೆ ಸೇರಿ, ಕಡಲಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ಧ್ರುವಸಾಗರವನ್ನು ವರ್ಷಗಟ್ಟಲೆ ದಾಟಿ ಬಂದವು. ಅವುಗಳಲ್ಲಿ ಕೆಲವು ತಾವಾಗಿ ಬುಡಮೇಲಾದ ಮರಗಳು. ಕೆಲವಕ್ಕೆ ಗರಗಸದ ಗುರುತಿದೆ, ರಷ್ಯಾದ ಮರ ಸಾಗಣೆಯಲ್ಲಿ ತಪ್ಪಿಸಿಕೊಂಡವು. ತಿಮಿಂಗಿಲದ ಎಲುಬುಗಳೂ ಎರಡು ಬಗೆ. ನೀರಂಚಿನ ರಾಶಿ ಬೇಟೆಗಾರರದು. ದಡದಿಂದ ಮೇಲೆ, ಹತ್ತಾರು ಮೀಟರ್ ಎತ್ತರದ ಹಳೆಯ ತೀರಗಳಲ್ಲಿ ಹುದುಗಿರುವ ಎಲುಬು ಸಾವಿರಾರು ವರ್ಷ ಹಿಂದಿನದು. ಹಿಮಯುಗದ ಮಂಜಿನ ಭಾರ ಇಳಿದ ಮೇಲೆ ನೆಲ ನಿಧಾನವಾಗಿ ಮೇಲೆದ್ದಿತು, ಜೊತೆಗೆ ಅಂದಿನ ಕಡಲಂಚೂ ಎದ್ದಿತು. ನೆಲ ಯಾವಾಗ ಎಷ್ಟು ಎದ್ದಿತು ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕುವುದು ಈ ಎಲುಬು, ದಿಮ್ಮಿಗಳ ವಯಸ್ಸು ನೋಡಿ. ಹಸಿರಿನ ವಿಷಯಕ್ಕೆ ಬಂದರೆ, ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ-ಹಿಮ ಬೀಳುವ ಲಾಂಗ್‌ಯಿಯರ್‌ಬಿಯೆನ್ ಸುತ್ತಮುತ್ತಲ ನೆಲ ಲೆಕ್ಕಕ್ಕೆ ಮರುಭೂಮಿಯೇ. ಧ್ರುವ ವಿಲ್ಲೋ ಎಂಬ ಗಿಡ ಕೆಲವೇ ಸೆಂಟಿಮೀಟರ್ ಎತ್ತರ ಬೆಳೆದು ನೆಲಕ್ಕಂಟಿಕೊಂಡಿರುತ್ತದೆ. ಇಂಥಲ್ಲಿ ಅಚ್ಚ ಹಸಿರು ತೇಪೆ ಕಂಡರೆ ಮೇಲೆ ನೋಡಬೇಕು. ಬಂಡೆಗೋಡೆಯಲ್ಲಿ ಹಕ್ಕಿಗಳಿರುತ್ತವೆ. ಕಡಲಲ್ಲಿ ತಿಂದು ನೆಲದ ಮೇಲೆ ಹಿಕ್ಕೆ ಹಾಕುವ ಹಕ್ಕಿಗಳು ಕಡಲ ಸತ್ವವನ್ನು ಬೆಟ್ಟದ ಬುಡಕ್ಕೆ ಗೊಬ್ಬರವಾಗಿ ಸಾಗಿಸುತ್ತವೆ. ಆದರೆ ರಷ್ಯನ್ ಗಣಿಯೂರಾದ ಬಾರೆಂಟ್ಸ್‌ಬುರ್ಗ್‌ನ ಹಸಿರಿನಲ್ಲಿ ಹಸುಗಳ ಮೇವಿನ ಜೊತೆ ಬಂದು ಬೇರೂರಿದ ಹೊರಗಿನ ಗಿಡಗಳೂ ಸೇರಿವೆ. ಗ್ರುಮಾಂಟ್ ಎಂಬ ಪಾಳು ಗಣಿಯೂರಿನ ಬಳಿ, ಸೋವಿಯತ್ ಹಡಗುಗಳ ಮೇವಿನಲ್ಲಿ ಅಡಗಿ ಬಂದ ಪೂರ್ವ ಯುರೋಪಿನ ಹೊಲದ ಇಲಿಗಳು ಊರು ಖಾಲಿಯಾದ ಮೇಲೂ ಅದೇ ಹಕ್ಕಿಗೋಡೆಗಳ ಹುಲ್ಲು ತಿಂದು ಬದುಕಿವೆ. ಅವು ಈ ನೆಲದ ನಿಸರ್ಗವೋ, ಗಣಿಗಾರಿಕೆಯ ಉಳಿಕೆಯೋ? ಎರಡೂ ಹೌದು.

ಗಣಿಯ ಅಧ್ಯಾಯ ಇನ್ನೂ ಹತ್ತಿರದ್ದು. ಅಮೆರಿಕದ ಉದ್ಯಮಿ ಜಾನ್ ಮನ್ರೋ ಲಾಂಗ್‌ಯಿಯರ್ 1906ರಲ್ಲಿ ಕಲ್ಲಿದ್ದಲು ಗಣಿ ಶುರುಮಾಡಿದ ಊರೇ ಲಾಂಗ್‌ಯಿಯರ್‌ಬಿಯೆನ್. ಕೆಲವೇ ವರ್ಷಗಳಲ್ಲಿ ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಸಾಹಸಿ ಕಾಂಗ್ಸ್‌ಫಿಯೋರ್ಡ್ ಎಂಬ ಕೊಲ್ಲಿಯಲ್ಲಿ ಅಮೃತಶಿಲೆ ಸಿಕ್ಕಿತೆಂದು ಕ್ರೇನು, ಹಳಿ, ಯಂತ್ರ ಎಲ್ಲ ತಂದು ನ್ಯೂ ಲಂಡನ್ ಎಂಬ ನೆಲೆ ಹೂಡಿದ. ಶತಮಾನಗಳ ಹೆಪ್ಪು-ಕರಗುಗಳಿಂದ ಸೀಳಿಹೋಗಿದ್ದ ಆ ಶಿಲೆ ಯಾವ ಕಟ್ಟಡಕ್ಕೂ ಆಗಲಿಲ್ಲ. ಯಂತ್ರಗಳು ಇಂದಿಗೂ ಅಲ್ಲೇ ತುಕ್ಕು ಹಿಡಿದು ನಿಂತಿವೆ. ನ್ಯೂ-ಓಲೆಸುಂಡ್ ಗಣಿಯಲ್ಲಿ 1962ರ ನವೆಂಬರ್‌ನಲ್ಲಿ ನಡೆದ ಸ್ಫೋಟಕ್ಕೆ 21 ಮಂದಿ ಬಲಿಯಾದರು. ಆ ದುರಂತದ ವಿವಾದ ಮರುವರ್ಷ ನಾರ್ವೆಯ ಸರ್ಕಾರವನ್ನೇ ಉರುಳಿಸಿತು. ಸೋವಿಯತ್ ಗಣಿಯೂರು ಪಿರಮಿಡೆನ್ 1998ರಲ್ಲಿ ಖಾಲಿಯಾಯಿತು. ಇಲ್ಲಿನ ನಾರ್ವೆಯ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 2025ರಲ್ಲಿ. ಈ ಕಲ್ಲಿದ್ದಲಾದರೂ ಏನು? ಕೋಟ್ಯಂತರ ವರ್ಷಗಳ ಹಿಂದೆ ಇದೇ ನೆಲದಲ್ಲಿ ಬೆಳೆದ ಕಾಡು. ಸ್ವಾಲ್‌ಬಾರ್ಡ್ ಭೂಮಧ್ಯರೇಖೆಯ ಹತ್ತಿರ ಇದ್ದ ಕಾಲದ ಪಳೆಯುಳಿಕೆ ಮರಗಳ ಬುಡಗಳೂ ಇಲ್ಲಿ ಸಿಕ್ಕಿವೆ.

ಇಲ್ಲಿಗೆ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕಾಡಿದ್ದ ನೆಲ ಹಿಮನೆಲವಾಯಿತು, ನಾಳೆ ಮತ್ತೆ ಬೆಚ್ಚಗಾದರೆ ಅದು ಹಳೆಯ ಆಟದ ಮುಂದುವರಿಕೆ ತಾನೆ? ಈ ವಾದ ಕೇಳಲು ಚೆನ್ನ, ಆದರೆ ಕಾಲದ ಅಳತೆಯನ್ನು ಮರೆಯುತ್ತದೆ. ಕಾಡು ಕಣ್ಮರೆಯಾಗಿ ಹಿಮ ಬರಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಈಗ ನಡೆಯುತ್ತಿರುವುದು ಒಬ್ಬ ಮನುಷ್ಯನ ಆಯುಸ್ಸಿನೊಳಗೆ. ಉತ್ತರ ಧ್ರುವ ವಲಯ 1979ರಿಂದ ಈಚೆಗೆ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಕಾಯುತ್ತಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸ್ವಾಲ್‌ಬಾರ್ಡ್ ಆ ವಲಯದಲ್ಲೂ ಮುಂದಿನ ಸಾಲಿನಲ್ಲಿದೆ. 2020ರ ಜುಲೈಯಲ್ಲಿ ಲಾಂಗ್‌ಯಿಯರ್‌ಬಿಯೆನ್ ವಿಮಾನ ನಿಲ್ದಾಣದಲ್ಲಿ 21.7 ಡಿಗ್ರಿ ದಾಖಲಾಯಿತು. 2015ರ ಡಿಸೆಂಬರ್‌ನಲ್ಲಿ ಊರಿನ ಮೇಲಿನ ಬೆಟ್ಟದಿಂದ ಹಿಮ ಕುಸಿದು ಮನೆಗಳು ಕೊಚ್ಚಿಹೋದವು, ಇಬ್ಬರು ಸತ್ತರು. ಮರುವರ್ಷ ಅಕ್ಟೋಬರ್‌ನಲ್ಲಿ, ಸದಾ ಹೆಪ್ಪುಗಟ್ಟಿದ ನೆಲವೇ ಕಾಪಾಡುತ್ತದೆಂಬ ನಂಬಿಕೆಯಿಂದ ಬೆಟ್ಟದೊಳಗೆ ಕಟ್ಟಿದ್ದ ಜಾಗತಿಕ ಬೀಜ ಭಂಡಾರದ ಪ್ರವೇಶ ಸುರಂಗಕ್ಕೆ ನೀರು ನುಗ್ಗಿತು. ಬೀಜಗಳಿಗೆ ಏನೂ ಆಗಲಿಲ್ಲ, ಆದರೆ ಸುರಂಗವನ್ನು ಹೊಸದಾಗಿ ಕಟ್ಟಬೇಕಾಯಿತು. ಹಿಮಯುಗದ ನಂತರದ ಬೆಚ್ಚನೆಯ ಕಾಲದಲ್ಲಿ ಇಲ್ಲಿದ್ದು ಆಮೇಲೆ ಸಾವಿರ ವರ್ಷಗಳ ಮಟ್ಟಿಗೆ ಕಾಣೆಯಾಗಿದ್ದ ನೀಲಿ ಮಳಿ ಎಂಬ ಕಡಲಚಿಪ್ಪು 2004ರಲ್ಲಿ ಮತ್ತೆ ಕಾಣಿಸಿಕೊಂಡಿತು. ಹಿಂದಿನ ಬದಲಾವಣೆಗಳ ಅರಿವು ಈಗಿನದರ ಬಗ್ಗೆ ಸಮಾಧಾನ ಹೇಳುವುದಿಲ್ಲ. ಈ ನೆಲ ಸಣ್ಣ ವ್ಯತ್ಯಾಸಕ್ಕೂ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಲೆಯ ಗುರುತು, ಗಣಿಯ ಬಾಯಿ, ನಾಲ್ಕು ಊರು ಇವೆ ನಿಜ. ಆದರೆ ಯುರೋಪಿನ ಬೇರೆ ಯಾವ ಮೂಲೆಗೆ ಹೋಲಿಸಿದರೂ ಇದು ನಿಸರ್ಗದ ನೆಲವೇ ಅಲ್ಲವೇ? ಭೂಭಾಗದ ಸುಮಾರು ಮೂರನೇ ಎರಡರಷ್ಟು ರಾಷ್ಟ್ರೀಯ ಉದ್ಯಾನ, ನಿಸರ್ಗಧಾಮಗಳಾಗಿ ರಕ್ಷಿತವಾಗಿಲ್ಲವೇ? ಆಗಿದೆ, ಮತ್ತು ಅದು ದೊಡ್ಡ ಸಾಧನೆ. ಆದರೆ ಆ ರಕ್ಷಣೆಯೂ ಮನುಷ್ಯರೇ ಮಾಡಿದ ತೀರ್ಮಾನ. ಇಂದು ಲಾಂಗ್‌ಯಿಯರ್‌ಬಿಯೆನ್‌ನ ಮನೆಗಳ ನಡುವೆಯೇ ಮೇಯುವ ಗಿಡ್ಡ ಕಾಲಿನ ಹಿಮಸಾರಂಗ ಉಳಿದದ್ದು 1925ರಲ್ಲಿ ಅದರ ಬೇಟೆ ನಿಷೇಧಿಸಿದ್ದರಿಂದ. ದಡದಲ್ಲಿ ಗುಂಪಾಗಿ ಒರಗುವ ವಾಲ್ರಸ್ ಮರಳಿ ಬಂದದ್ದು 1952ರ ರಕ್ಷಣೆಯಿಂದ. ಹಿಮಕರಡಿಗೆ ರಕ್ಷಣೆ ಸಿಕ್ಕಿದ್ದು 1973ರಲ್ಲಿ. ಇವುಗಳನ್ನು ನಿಸರ್ಗದ ಸಹಜ ಸಮೃದ್ಧಿ ಎಂದು ಬಗೆದವರು ಕಾನೂನೊಂದು ಏನು ಮಾಡಬಲ್ಲುದು ಎಂಬುದನ್ನು ಕಾಣದೆ ಹೋಗುತ್ತಾರೆ. ಕಂಡಿದ್ದರೆ ಇನ್ನೊಂದು ಕಾನೂನಿಗೆ ಒತ್ತಾಯಿಸುವ ಧೈರ್ಯ ಬರುತ್ತಿತ್ತು. ಹಾಗೆಂದು ಎಲ್ಲವೂ ನಾಶದ ಕತೆಯೇ ಎನ್ನುವುದೂ ಸುಳ್ಳು. ಬಿಸಿಯೇರಿಕೆಯಿಂದ ಚಳಿಗಾಲದಲ್ಲಿ ಮಳೆ ಬಿದ್ದು ಹುಲ್ಲಿನ ಮೇಲೆ ಗಾಜಿನಂಥ ಮಂಜಿನ ಪದರ ಕಟ್ಟಿದಾಗ ಹಿಮಸಾರಂಗಗಳು ಹಸಿದು ಸಾಯುತ್ತವೆ. ಅದೇ ಬಿಸಿಯೇರಿಕೆಯಿಂದ ಬೇಸಿಗೆಯ ಮೇವು ಹೆಚ್ಚಿ ಒಟ್ಟು ಸಂಖ್ಯೆ ಬೆಳೆದದ್ದೂ ಇದೆ. ಎರಡನ್ನೂ ಒಟ್ಟಿಗೆ ಹೇಳದೆ ಪ್ರಾಮಾಣಿಕವಾಗಿ ಬರೆಯಲಾಗದು.

ನಾರ್ವೆಯ ಪರಿಸರ ಕಾನೂನು ಈ ವಿಷಯದಲ್ಲಿ ಪ್ರವಾಸಿಗಿಂತ ಸೂಕ್ಷ್ಮವಾಗಿ ಯೋಚಿಸಿದೆ. 1946ಕ್ಕಿಂತ ಹಿಂದಿನ ಮನುಷ್ಯ ಕುರುಹು ಯಾವುದೇ ಆಗಲಿ, ಒಲೆಯ ಉಳಿಕೆ, ಗೋರಿ, ಮುರಿದ ತಳ್ಳುಬಂಡಿ, ಅದು ತನ್ನಿಂತಾನೇ ರಕ್ಷಿತ. ಕಸವೆಂದು ಎತ್ತಿಡುವ ಹಾಗಿಲ್ಲ. ಆದರೆ ಆಮೇಲಿನದು ಅಳಿಸಬಹುದಾದದ್ದು. ಸ್ವೇಯಾ ಎಂಬ ದೊಡ್ಡ ಗಣಿಯನ್ನು ಮುಚ್ಚಲು 2017ರಲ್ಲಿ ತೀರ್ಮಾನಿಸಿ, ಕಟ್ಟಡ, ರಸ್ತೆ, ವಿಮಾನಪಟ್ಟಿ ಎಲ್ಲವನ್ನೂ ತೆಗೆದು, ಇಳಿಜಾರುಗಳನ್ನು ಹಳೆಯ ಆಕಾರಕ್ಕೆ ತಂದು ನೆಲವನ್ನು ನಿಸರ್ಗಕ್ಕೆ ಬಿಟ್ಟುಕೊಟ್ಟರು. ಮಾಡಬೇಕಾದ ಕೆಲಸವೇ, ಗಣಿ ಅಗೆದು ಬಿಟ್ಟುಹೋಗುವವರೆಲ್ಲ ಕಲಿಯಬೇಕಾದ ಮಾದರಿ. ಆದರೂ ಒಂದು ಕಳವಳ ಉಳಿಯುತ್ತದೆ. ಮುಂದೊಮ್ಮೆ ಅಲ್ಲಿಗೆ ಬರುವವರಿಗೆ, ನೂರು ವರ್ಷ ಕಲ್ಲಿದ್ದಲು ತೆಗೆದ ಆ ಕಣಿವೆ ಯಾರೂ ಕಾಲಿಡದ ಕಣಿವೆಯಾಗಿ ಕಾಣುತ್ತದೆ. ಹೇಳುವವರಿಲ್ಲದಿದ್ದರೆ ಅಳಿಸಿದ ಶ್ರಮವೂ ಅಗೆದ ತಪ್ಪಿನೊಂದಿಗೇ ಮರೆತುಹೋಗುತ್ತದೆ.

ಮನುಷ್ಯ ನಿಜಕ್ಕೂ ಹೆಜ್ಜೆಯಿಡದ ನೆಲ ಸ್ವಾಲ್‌ಬಾರ್ಡಿನಲ್ಲಿ ಇಲ್ಲವೇ ಎಂದರೆ, ಇದೆ. ಕಾಂಗ್ಸ್‌ಫಿಯೋರ್ಡಿನಲ್ಲೇ ಉದಾಹರಣೆ ಸಿಗುತ್ತದೆ. ಮ್ಯಾನ್ಸ್‌ಫೀಲ್ಡ್ ಅಮೃತಶಿಲೆ ಅಗೆದ ಬ್ಲೋಮ್‌ಸ್ಟ್ರಾಂಡ್ ಎಂಬ ಜಾಗವನ್ನು ನಕ್ಷೆಗಳು ಪರ್ಯಾಯ ದ್ವೀಪ ಎಂದೇ ಗುರುತಿಸಿದ್ದವು, ಅದರ ನಾರ್ವೇಜಿಯನ್ ಹೆಸರಲ್ಲೂ ಹಾಗೇ ಇದೆ. ಅದರ ಹಿಂದಿದ್ದ ಹಿಮನದಿ ಹಿಂಜರಿಯುತ್ತ ಹೋಗಿ, 1990ರ ದಶಕದಲ್ಲಿ ನಡುವೆ ನೀರು ಹರಿದಾಗ ಅದು ದ್ವೀಪವೆಂದು ಗೊತ್ತಾಯಿತು. ಹಿಮನದಿಗಳು ಬಿಟ್ಟುಕೊಟ್ಟ ಇಂಥ ಹೊಸ ದಡ, ಹೊಸ ಕೊಲ್ಲಿ, ಆಳ ಅಳೆದಿರದ ಹೊಸ ನೀರು ದ್ವೀಪಸಮೂಹದ ಉದ್ದಕ್ಕೂ ಹುಟ್ಟುತ್ತಿವೆ. ಯಾವ ಬೇಟೆಗಾರನೂ ಗಣಿಗಾರನೂ ತುಳಿಯದ ನೆಲ ಅದು. ಹಿಮನದಿಗಳ ಹಿಂಜರಿತ ಕಳೆದ ಶತಮಾನದ ಆರಂಭದಲ್ಲಿ ಶುರುವಾದಾಗ ಅದರಲ್ಲಿ ನಿಸರ್ಗದ ಪಾಲೂ ಇತ್ತು, ಈಚಿನ ದಶಕಗಳ ವೇಗಕ್ಕೆ ಕಾರಣ ನಾವು ಸುಟ್ಟ ಇಂಧನ. ಆದ್ದರಿಂದ ಇಡೀ ಸ್ವಾಲ್‌ಬಾರ್ಡಿನಲ್ಲಿ ಕಾಲು ಸೋಕದ ಭಾಗವೇ ನಮ್ಮ ಕೈವಾಡ ಅತಿ ಹೆಚ್ಚಿರುವ ಭಾಗ ಕೂಡ. ಮುಟ್ಟುವುದು ಎಂದರೆ ಕಾಲಿಡುವುದು ಎಂಬ ಎಣಿಕೆಯೇ ಇಲ್ಲಿ ಕುಸಿದುಬೀಳುತ್ತದೆ.

ಇಷ್ಟೆಲ್ಲ ತಿಳಿದು ನೋಡಿದರೆ ಬೆರಗು ಉಳಿದೀತೇ ಎಂದು ಕೇಳುವವರಿದ್ದಾರೆ. ಕಲ್ಲಿನ ವೃತ್ತ ಹೇಗಾಯಿತೆಂದು ತಿಳಿದವರಿಗೆ ಅದು ಇನ್ನೂ ಸುಂದರ ಎಂಬುದಷ್ಟೇ ಇದಕ್ಕೆ ಉತ್ತರ.

ಇದೆಲ್ಲ ನಮಗೆ ದೂರದ ಮಾತೆನ್ನಿಸಬಹುದು, ಆದರೆ ಹಾಗೇನಿಲ್ಲ. ಸ್ವಾಲ್‌ಬಾರ್ಡಿನ ಮೇಲೆ ನಾರ್ವೆಯ ಒಡೆತನವನ್ನು ಮಾನ್ಯಮಾಡುತ್ತಲೇ ಸಹಿ ಹಾಕಿದ ಇತರ ದೇಶಗಳಿಗೂ ಅಲ್ಲಿ ಸಮಾನ ಹಕ್ಕು ಕೊಟ್ಟ 1920ರ ಪ್ಯಾರಿಸ್ ಒಪ್ಪಂದದಲ್ಲಿ, ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತದ ಹೆಸರೂ ಇದೆ. 2008ರಲ್ಲಿ ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿ ತೆರೆದದ್ದು ಅದೇ ಹಳೆಯ ಗಣಿಯೂರು ನ್ಯೂ-ಓಲೆಸುಂಡ್‌ನಲ್ಲಿ. 2014ರಲ್ಲಿ ಕಾಂಗ್ಸ್‌ಫಿಯೋರ್ಡಿನ ನೀರಿನಡಿ ಭಾರತೀಯ ವಿಜ್ಞಾನಿಗಳು ಇಳಿಬಿಟ್ಟ ಉಪಕರಣಗಳು ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನ ಒಳಹರಿವನ್ನು ಅಳೆದಿವೆ. ಧ್ರುವದ ಬದಲಾವಣೆಗೂ ನಮ್ಮ ಮುಂಗಾರಿಗೂ ಏನು ನಂಟು ಎಂಬ ಪ್ರಶ್ನೆ ಈ ಕೆಲಸದ ಹಿಂದಿದೆ. ಬೀಜ ಭಂಡಾರದಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ರಾಗಿ, ತೊಗರಿ, ಕಡಲೆ, ಶೇಂಗಾ ತಳಿಗಳ ಬೀಜಗಳಿವೆ. ನಮ್ಮ ಬಯಲುಸೀಮೆಯ ಊಟದ ತಟ್ಟೆಗೆ ಬರುವ ಬೆಳೆಗಳ ಕಾಪಿಟ್ಟ ಗಂಟು ಆ ಬೆಟ್ಟದೊಳಗಿದೆ.

ಉಳಿದದ್ದು, ಹೋಗುವವರ ಪ್ರಶ್ನೆ. ನಾರ್ವೆ 2025ರ ಜನವರಿಯಿಂದ ನಿಯಮ ಬಿಗಿಗೊಳಿಸಿದೆ. ರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ, ಅಲ್ಲಿ ದಡಕ್ಕಿಳಿಯಲು 43 ಜಾಗಗಳಲ್ಲಿ ಮಾತ್ರ ಅವಕಾಶ. ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರವಿರಬೇಕು. ಗಣಿ ಮುಚ್ಚಿದ ಮೇಲೆ ಲಾಂಗ್‌ಯಿಯರ್‌ಬಿಯೆನ್‌ಗೆ ಉಳಿದಿರುವ ಆದಾಯಗಳಲ್ಲಿ ಪ್ರವಾಸೋದ್ಯಮ ಮುಖ್ಯವಾದದ್ದು, ಅದಕ್ಕೂ ಕಡಿವಾಣ ಹಾಕಿದರೆ ಜನ ಬದುಕುವುದು ಹೇಗೆ ಎಂಬ ಸ್ಥಳೀಯರ ದೂರು ಹುರುಳಿಲ್ಲದ್ದಲ್ಲ. ಆದರೆ ಬಂಡಿಯೊಂದು ಹಾದ ಗುರುತು ದಶಕಗಳವರೆಗೆ ಅಳಿಯದ ನೆಲದಲ್ಲಿ ಸಂಖ್ಯೆಗೆ ಮಿತಿ ಹಾಕದೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಆ ಮಿತಿ ಸಾಲದು ಎಂದೂ ಹೇಳಬೇಕು. ಇಳಿಯಲು ಬಿಟ್ಟ ಜಾಗಗಳಲ್ಲಿ ಪ್ರವಾಸಿಗೆ ಮಾರ್ಗದರ್ಶಿ ಮೊದಲು ತೋರಿಸಬೇಕಾದದ್ದು ಎಣ್ಣೆಯೊಲೆಯ ಉಂಗುರವನ್ನು, ಎಲುಬಿನ ಎರಡು ಸಾಲುಗಳನ್ನು, ಕಳೆದ ವರ್ಷ ಹಿಮನದಿಯ ಅಂಚು ಎಲ್ಲಿತ್ತು ಎಂಬುದನ್ನು. ಕರಡಿ ಕಾಣದ ದಿನ ಪ್ರವಾಸ ವ್ಯರ್ಥವಾಯಿತೆಂದು ಹಣ ಕೊಟ್ಟವರು ಗೊಣಗುವ ಈಗಿನ ಪರಿಸ್ಥಿತಿಯಲ್ಲಿ ಇದು ಕಷ್ಟದ ಬೇಡಿಕೆ. ಹಡಗು ಕಂಪನಿಗಳು ಜಾಹೀರಾತಿನಿಂದ ‘ಮುಟ್ಟದ ನೆಲ’ ಎಂಬ ಮಾತನ್ನು ಕೈಬಿಟ್ಟು ಆ ಬೇಡಿಕೆಯನ್ನು ಈಡೇರಿಸಲು ಶುರುಮಾಡಬಹುದು.